ಕಡಲು ಕೇರಿದ ಪಿಳ್ಳಮ್ಮ

ಹೆಬ್ಬಗೋಡಿಗೆ ಸಮುದ್ರ ಬಂದದ್ದು ಸಿಟಿ ಬಸ್ಸಿನಲ್ಲಿ, ನನ್ನ ತೊಡೆಯ ಮೇಲೆ ಕೂತು. ಥರ್ಮೋಕೋಲ್ ಡಬ್ಬಿಯೊಳಗೆ ನೂರ ಅರವತ್ತು ಪುಟ್ಟ ಶೀಷೆಗಳು. ಮುಂದಿನ ಸ್ಟಾಪಿನಲ್ಲಿ ಹತ್ತಿ ಪಕ್ಕದಲ್ಲಿ ಕೂತ ಹೆಂಗಸು, "ಮೀನಾ?" ಎಂದು ಕೇಳಿದರು. ಮೀನಲ್ಲ, ಮೀನಿನ ಕೆಳಗಿರುವ ಕೆಸರು ಎಂದೆ. ಅವರು ನನ್ನನ್ನೊಮ್ಮೆ ನೋಡಿ, ಎದ್ದು ಹೋಗಿ ಡ್ರೈವರ್ ಹಿಂದಿನ ಸೀಟಿನಲ್ಲಿ ಕೂತರು.

ನನ್ನ ಕೆಲಸ ಏನೆಂದು ಹೇಳಿದಾಗಲೆಲ್ಲ ಹೀಗೇ. ಸರ್ಜಾಪುರದಲ್ಲಿರುವ ನಮ್ಮಮ್ಮ, "ಶ್ಯಾಮಲಾ ಮಣ್ಣು ಪರೀಕ್ಷೆ ಮಾಡ್ತಾಳೆ" ಎಂದು ನೆಂಟರಿಗೆಲ್ಲ ಹೇಳಿ ಕೈತೊಳೆದುಕೊಂಡಿದ್ದಾರೆ. ಅದರ ಫಲವಾಗಿ ಬೋರ್‌ವೆಲ್ ಎಲ್ಲಿ ಕೊರೆಸಬೇಕೆಂದು ಇಬ್ಬರು ಚಿಕ್ಕಪ್ಪಂದಿರು ನನ್ನನ್ನು ಕೇಳಿದ್ದಾರೆ. ಒಬ್ಬರಿಗೆ ಬಾಯಿಗೆ ಬಂದ ಜಾಗ ಹೇಳಿದೆ, ಅಲ್ಲಿ ನೀರು ಬಂತು. ಈಗ ನಿಜ ಹೇಳಿದರೆ ಯಾರೂ ನಂಬುವುದಿಲ್ಲ.

ನಿಜ ಇಷ್ಟು. ಅರಬ್ಬೀ ಸಮುದ್ರದ ತಳಕ್ಕೆ ಹಡಗಿನಿಂದ ಉದ್ದನೆಯ ಕೊಳವೆ ಇಳಿಸಿ ಕೆಸರು ಎತ್ತುತ್ತಾರೆ. ಮೂರು ಮೀಟರ್ ಕೆಸರೆಂದರೆ ಇಪ್ಪತ್ತು ಸಾವಿರ ವರ್ಷಕ್ಕೂ ಹೆಚ್ಚು. ಅದನ್ನು ಬೆರಳಗಲದ ತುಂಡುಗಳಾಗಿ ಕೊಯ್ದು, ತೊಳೆದು, ಜರಡಿ ಹಿಡಿದರೆ ಮರಳಿನಂಥದ್ದು ಉಳಿಯುತ್ತದೆ. ಮೈಕ್ರೋಸ್ಕೋಪಿನ ಕೆಳಗಿಟ್ಟು ನೋಡಿದರೆ ಅದು ಮರಳಲ್ಲ, ಚಿಪ್ಪು. ನೀರಿನಲ್ಲಿ ತೇಲಿಕೊಂಡಿದ್ದ ಜೀವಿಗಳು ಸತ್ತು ತಳ ಸೇರಿದಾಗ ಉಳಿದವು. ಅವುಗಳಲ್ಲಿ ಒಂದು ಜಾತಿಗೆ ಬಾಯಿ ದೊಡ್ಡದು, ಚಿಪ್ಪಿನ ಒಂದು ಕಡೆ ಕಮಾನಿನ ಹಾಗೆ ತೆರೆದುಕೊಂಡಿರುತ್ತದೆ. ಅದರ ಲ್ಯಾಟಿನ್ ಹೆಸರು ನಾಲಿಗೆ ಹೊರಳದಷ್ಟು ಉದ್ದ, ನಾನು ಅಗಲಬಾಯಿ ಎನ್ನುತ್ತೇನೆ. ಮುಂಗಾರಿನ ಗಾಳಿ ಜೋರಾಗಿ ಬೀಸಿದ ಕಾಲದಲ್ಲಿ ಆಳದ ತಣ್ಣೀರು ಮೇಲೆದ್ದು ಬಂದು, ಸಮುದ್ರದಲ್ಲಿ ಮೇವು ಹುಲುಸಾಗಿ ಬೆಳೆದು, ಈ ಅಗಲಬಾಯಿಗಳು ತಿಂದು ತೇಗಿ ಹೆಚ್ಚುತ್ತವೆ. ಗಾಳಿ ಸೋತರೆ ಮೇವಿಲ್ಲ, ಇವೂ ಇಲ್ಲ. ಪ್ರತಿ ಶೀಷೆಯಿಂದ ಮುನ್ನೂರು ಚಿಪ್ಪು ಎತ್ತಿ, ಅದರಲ್ಲಿ ಅಗಲಬಾಯಿ ಎಷ್ಟೆಂದು ಎಣಿಸಿದರೆ, ಆ ಕಾಲದಲ್ಲಿ ಸಮುದ್ರದ ಹೊಟ್ಟೆ ತುಂಬಿತ್ತೋ ಇಲ್ಲವೋ ಗೊತ್ತಾಗುತ್ತದೆ. ಆರು ವರ್ಷದಿಂದ ನಾನು ಮಾಡುತ್ತಿರುವ ಪಿಎಚ್‌ಡಿ ಇದೇ.

ಎತ್ತುವುದಕ್ಕೂ ನಿಯಮವಿದೆ. ಪೂರ್ತಿ ಇರುವ ಚಿಪ್ಪು ಮಾತ್ರವಲ್ಲ, ಮುರಿದು ಅರ್ಧಕ್ಕಿಂತ ಹೆಚ್ಚು ಉಳಿದದ್ದನ್ನೂ ಎತ್ತಬೇಕು. ಎತ್ತಿದ ಮೇಲೆ ಮಿಕ್ಕಿದ್ದನ್ನು ಶೀಷೆಗೆ ಹಾಕಿ ಜೋಪಾನ ಮಾಡಬೇಕು, ನಾಳೆ ಯಾರಾದರೂ ಅನುಮಾನಪಟ್ಟರೆ ತೋರಿಸುವುದಕ್ಕೆ. ನಾನು ಮೊದಮೊದಲು ಜೋಪಾನ ಮಾಡಿದೆ. ಆಮೇಲೆ ನನ್ನ ಬಾಡಿಗೆ ಕೋಣೆಯಲ್ಲಿ ಜಾಗ ಸಾಲದೆ, ಒಟ್ಟಿಟ್ಟದ್ದನ್ನೆಲ್ಲ ಬಾಗಿಲ ಪಕ್ಕದ ತುಳಸಿ ಕುಂಡಕ್ಕೆ ಸುರಿದೆ, ಮುಂದೆಯೂ ಅಲ್ಲಿಗೇ ಸುರಿಯುತ್ತ ಬಂದೆ. ಎಲ್ಲರೂ ಹೀಗೇ ಮಾಡುತ್ತಾರೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ. ಪ್ರತಿ ತುಂಡಿನ ಇನ್ನರ್ಧ ನಮ್ಮ ಸಂಸ್ಥೆಯ ಫ್ರಿಜ್ಜಿನಲ್ಲಿ ಬೀಗದೊಳಗಿದೆ, ಅದನ್ನು ಮುಟ್ಟಲು ಸಮಿತಿಯ ಅಪ್ಪಣೆ ಬೇಕು. ತುಳಸಿಯಂತೂ ನನ್ನ ಎದೆಮಟ್ಟಕ್ಕೆ ಬೆಳೆದಿತ್ತು.

ತುಳಸಿ ಪಿಳ್ಳಮ್ಮನದು, ಮನೆಯೂ ಅವರದೇ. ನಾಲ್ಕು ಮಹಡಿ, ಹದಿನೆಂಟು ಬಾಡಿಗೆ ಮನೆ. ಅವರ ಮಾವನ ಕಾಲದಲ್ಲಿ ಅಲ್ಲಿ ರಾಗಿ ಹೊಲವಿತ್ತು, ಈಗ ಉಳಿದಿರುವ ಬೇಸಾಯವೆಂದರೆ ತಾರಸಿಯ ಮೇಲಿನ ಆರು ಕೋಳಿ. ಹೊಲ ಹೋದದ್ದಕ್ಕೆ ಪಿಳ್ಳಮ್ಮನಿಗೆ ಚೂರೂ ದುಃಖವಿಲ್ಲ, ಬಗ್ಗಿ ಕಳೆ ಕೀಳುವುದು ತಪ್ಪಿತಲ್ಲ ಎನ್ನುತ್ತಾರೆ. ಬೇಜಾರಿರುವುದು ಒಂದಕ್ಕೇ. ಅಂಗಡಿಯಿಂದ ಬರುವ ರಾಗಿ, ಅವರೆ, ಹುರುಳಿ ಎಲ್ಲ ಪ್ಯಾಕೆಟ್ಟಿನಲ್ಲಿ ಶುದ್ಧವಾಗಿ ಬರುತ್ತದೆ. ಕೇರಲು, ಆರಿಸಲು ಏನೂ ಸಿಗುವುದಿಲ್ಲ. ಮೊರ ಗೋಡೆಯ ಮೊಳೆಗೆ ನೇತುಬಿದ್ದಿದೆ. ಸಾಲದ್ದಕ್ಕೆ ಕಳೆದ ವರ್ಷ ಎರಡೂ ಕಣ್ಣಿನ ಪೊರೆ ತೆಗೆಸಿ ಹೊಸ ಲೆನ್ಸ್ ಹಾಕಿಸಿಕೊಂಡಿದ್ದಾರೆ. ಅಂದಿನಿಂದ ಹದಿನೆಂಟು ಮನೆಯ ಧೂಳೂ ಅವರ ಕಣ್ಣಿಗೆ ಬೀಳುತ್ತಿದೆ. ಆ ಡಾಕ್ಟರಿಗೆ ಬಾಡಿಗೆಯವರು ಶಾಪ ಹಾಕದ ದಿನವಿಲ್ಲ.

ಸಂಸ್ಥೆ ಇರುವುದು ಎಲೆಕ್ಟ್ರಾನಿಕ್ ಸಿಟಿಯಲ್ಲಿ. ಅಲ್ಲಿ ಕಂಪ್ಯೂಟರಿಗೆ ಇರುವ ಮರ್ಯಾದೆ ಕೆಸರಿಗಿಲ್ಲ. ನಮ್ಮ ಎಣಿಕೆಯ ಕೋಣೆಯನ್ನು ಕಂಪ್ಯೂಟರ್ ವಿಭಾಗಕ್ಕೆ ಬಿಟ್ಟುಕೊಟ್ಟಾಗ ನಮ್ಮ ಗೈಡ್ ಚಿಕ್ಕಬೈರಪ್ಪ ಸರ್ ಒಂದು ಮೈಕ್ರೋಸ್ಕೋಪನ್ನು ನನ್ನ ಕೈಗಿಟ್ಟು, "ಮನೇಲೇ ಎಣಿಸಮ್ಮ" ಎಂದರು. ಹಾಗೆ ಎಣಿಸಿ ಎಣಿಸಿ ನೂರ ನಲವತ್ತಾರು ಶೀಷೆ ಮುಗಿಸಿದ್ದೆ. ಹದಿನಾಲ್ಕು ಉಳಿದಿದ್ದವು. ಸುಮಾರು ಒಂಬತ್ತು ಸಾವಿರ ವರ್ಷದ ಹಿಂದಿನ, ಎರಡು ಸಾವಿರ ವರ್ಷ ಉದ್ದದ ತುಂಡು. ಮುಂಗಾರು ಆರ್ಭಟಿಸಿದ ಕಾಲವೆಂದು ಹೆಸರಾದದ್ದು. ಊಟದಲ್ಲಿ ಹಪ್ಪಳವನ್ನು ಕೊನೆಗೆ ಉಳಿಸಿಕೊಳ್ಳುವ ಹಾಗೆ ಅದನ್ನು ಉಳಿಸಿಕೊಂಡಿದ್ದೆ. ಎರಡು ಸಲ ಮುಂದೂಡಿದ ಗಡುವು ಆ ತಿಂಗಳ ಕೊನೆಗೆ ಮುಗಿಯುವುದಿತ್ತು. ಇಪ್ಪತ್ತರಂದು ಸಮಿತಿಯ ಮುಂದೆ ಸೆಮಿನಾರು. ಅದು ತಪ್ಪಿದರೆ ಆರು ವರ್ಷ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಆಗ ಸರಿಯಾಗಿ ನನಗೆ ಮದ್ರಾಸ್ ಐ ಬಂತು.

ಎರಡು ಕಣ್ಣೂ ಅಂಟಿಕೊಂಡವು. ಡಾಕ್ಟರು ಎರಡು ವಾರ ಮೈಕ್ರೋಸ್ಕೋಪಿನ ಹತ್ತಿರ ಸುಳಿಯಕೂಡದು ಎಂದರು. ನಾನು ಕಪ್ಪು ಕನ್ನಡಕ ಹಾಕಿಕೊಂಡು ಮೆಟ್ಟಿಲ ಮೇಲೆ ಕೂತು ಅತ್ತೆ. ಅಳುವುದಕ್ಕೂ ಉರಿ. ಪಿಳ್ಳಮ್ಮ ತಮ್ಮ ಆಪರೇಷನ್ ಕಾಲದ ಕಪ್ಪು ಕನ್ನಡಕ ಹುಡುಕಿ ಹಾಕಿಕೊಂಡು ಬಂದು ನಾಲ್ಕು ಮೆಟ್ಟಿಲು ಕೆಳಗೆ ನಿಂತರು.

"ಏನಮ್ಮಿ, ಅಂಗ್ಯಾಕೆ ಅಳ್ತೀಯ?"

ಹೇಳಿದೆ.

"ಅಷ್ಟೇನಾ? ನೀನು ಆರ್ಸೋದನ್ನ ನಾನು ಆರ್ಸಿಕೊಡ್ತೀನಿ ತಾ."

"ಅಮ್ಮಾ, ಅದು ಕಾಳಲ್ಲ. ಒಂಬತ್ತು ಸಾವಿರ ವರ್ಷದ ಚಿಪ್ಪು."

"ಎಷ್ಟು ವರ್ಸದ್ದಾದ್ರೆ ಏನು, ಆರ್ಸೋದು ಒಂದೇ ಅಲ್ವಾ?"

ಬೇರೆ ದಾರಿ ಇರಲಿಲ್ಲ. ಮೈಕ್ರೋಸ್ಕೋಪನ್ನು ಸ್ಪಿರಿಟ್ಟಿನಲ್ಲಿ ಒರೆಸಿ ಅವರ ನಡುಮನೆಯಲ್ಲಿಡಿಸಿ, ಬಾಗಿಲ ಹೊರಗೆ ನಿಂತು ಪಾಠ ಹೇಳಿದೆ. ತೆಳ್ಳನೆಯ ಕುಂಚದ ತುದಿಯನ್ನು ನೀರಿಗೆ ಅದ್ದಿ, ಚಿಪ್ಪಿಗೆ ತಾಗಿಸಿದರೆ ಅಂಟಿಕೊಂಡು ಬರುತ್ತದೆ, ಕಪ್ಪು ರಟ್ಟಿನ ಪಟ್ಟಿಯ ಮೇಲೆ ಸಾಲಾಗಿ ಕೂರಿಸಬೇಕು. "ಚೆನ್ನಾಗಿರೋ ಚಿಪ್ಪನ್ನೆಲ್ಲ ಎತ್ತಿ, ಕಸ ಬಿಟ್ಬಿಡಿ. ಮುನ್ನೂರಾದ ಮೇಲೆ ನಿಲ್ಲಿಸಿ, ಮಿಕ್ಕಿದ್ದನ್ನ ವಾಪಸ್ ಶೀಷೆಗೆ ಹಾಕಿ" ಎಂದೆ. ಜಾತಿ ಗುರುತಿಸಿ ಎಣಿಸುವುದನ್ನು ಕಣ್ಣು ಬಿಟ್ಟ ಮೇಲೆ ನಾನೇ ಮಾಡುವುದೆಂದಾಯಿತು. ಮುರಿದ ಚಿಪ್ಪಿನ ನಿಯಮ ಹೇಳುವುದು ನೆನಪಾಗಲಿಲ್ಲ. ಚೆನ್ನಾಗಿರೋ ಎಂಬ ಆ ಒಂದು ಮಾತು ಮುಂದೆ ನನ್ನ ಕುತ್ತಿಗೆಗೇ ಬಂತು.

ಪಿಳ್ಳಮ್ಮ ದಿನಕ್ಕೊಂದು ಶೀಷೆಯಂತೆ ಹದಿನಾಲ್ಕು ದಿನ ಕೂತರು. ಬೆಳಗಿನ ಮುದ್ದೆ ಮುಗಿಸಿ ಕೂತರೆ ಮಧ್ಯಾಹ್ನ ಕೋಳಿಗೆ ನೀರಿಡುವ ಹೊತ್ತಿಗೆ ಮುನ್ನೂರು. ಬಾಡಿಗೆಯವರಿಗೆ ಎರಡು ವಾರ ಸ್ವರ್ಗ, ಯಾರ ಮನೆಯ ಧೂಳನ್ನೂ ಯಾರೂ ಕೇಳಲಿಲ್ಲ. ನನ್ನ ಕಣ್ಣು ಬಿಟ್ಟ ದಿನ ಮೊದಲು ನೋಡಿದ್ದು ಆ ರಟ್ಟುಗಳನ್ನು. ನಾನು ಎತ್ತಿಟ್ಟರೆ ಸಂತೆಯಲ್ಲಿ ಜನ ನಿಂತ ಹಾಗೆ ಇರುತ್ತದೆ. ಪಿಳ್ಳಮ್ಮನ ಚಿಪ್ಪುಗಳು ದುಂಡುದುಂಡಾಗಿ, ಸಾಲು ತಪ್ಪದೆ ಕೂತಿದ್ದವು. ನನಗೆ ಹೊಟ್ಟೆಕಿಚ್ಚಾಯಿತು.

ಎಣಿಸಲು ಕೂತೆ. ಮೊದಲ ರಟ್ಟಿನಲ್ಲಿ ಅಗಲಬಾಯಿ ಸೊನ್ನೆ. ಎರಡನೆಯದರಲ್ಲಿ ಸೊನ್ನೆ. ಐದನೆಯದರಲ್ಲಿ ಒಂದು, ಅದೂ ಬೋರಲು ಬಿದ್ದು ಬಾಯಿ ಮುಚ್ಚಿಕೊಂಡಿತ್ತು. ಆಮೇಲೆ ಹದಿನಾಲ್ಕರವರೆಗೂ ಸೊನ್ನೆಯೇ. ಸರ್‌ಗೆ ಫೋನ್ ಮಾಡಿದೆ.

"ಇನ್ನೊಂದ್ಸಲ ಹೇಳಮ್ಮ" ಎಂದರು.

"ಸೊನ್ನೆ ಸಾರ್. ಎರಡು ಸಾವಿರ ವರ್ಷ ಸೊನ್ನೆ."

ಜಗತ್ತೆಲ್ಲ ಮುಂಗಾರು ಆರ್ಭಟಿಸಿತ್ತು ಎನ್ನುವ ಕಾಲದಲ್ಲಿ ಸಮುದ್ರಕ್ಕೆ ಹೊಟ್ಟೆಗೇ ಇರಲಿಲ್ಲ. ಮೂವತ್ತು ವರ್ಷದಿಂದ ಬೇರೆಯವರು ಹೇಳಿದ್ದನ್ನೇ ಹೌದು ಹೌದು ಎಂದು ಹೇಳುತ್ತ ಬಂದಿದ್ದ ಚಿಕ್ಕಬೈರಪ್ಪ ಸರ್‌ಗೆ ಒಂದೇ ದಿನದಲ್ಲಿ ಪ್ರಾಯ ತಿರುಗಿತು. ಪ್ರಬಂಧದ ಹೆಸರನ್ನು "ಅರಬ್ಬೀ ಸಮುದ್ರದ ಎರಡು ಸಾವಿರ ವರ್ಷದ ಉಪವಾಸ" ಎಂದು ಬದಲಾಯಿಸಿದರು. ಗೋವಾದಲ್ಲಿರುವ ಗೆಳೆಯರಿಗೆ ಸುದ್ದಿ ಮುಟ್ಟಿಸಿದರು. ನಾನು ಸೆಮಿನಾರಿಗೆ ಹೊಸ ಸೀರೆ ತೆಗೆದೆ. ನನಗೆ ಅನುಮಾನ ಬರಬೇಕಿತ್ತು, ಬರಲಿಲ್ಲ. ತನಗೆ ಹೆಸರು ತರುವ ಸೊನ್ನೆಯ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ.

ಸೆಮಿನಾರಿಗೆ ಎರಡು ದಿನ ಇರುವಾಗ ಶೀಷೆಗಳನ್ನು ಜೋಡಿಸುತ್ತ ಒಂದರ ಮುಚ್ಚಳ ತೆಗೆದೆ. ಒಳಗೆ ಒಣಗಿದ ಬೇವಿನ ಎಲೆ. ಇನ್ನೊಂದು ತೆಗೆದೆ, ಅದರಲ್ಲೂ. ಹದಿನಾಲ್ಕು ಶೀಷೆಯಲ್ಲೂ ಒಂದೊಂದು. ನಗು ಬಂತು. ಒಂದು ಶೀಷೆ ಹಿಡಿದುಕೊಂಡು ತಾರಸಿಗೆ ಹೋದೆ. ಪಿಳ್ಳಮ್ಮ ಕೋಳಿಗೂಡು ಗುಡಿಸುತ್ತಿದ್ದರು.

"ಇದಕ್ಕೆ ಬೇವು ಯಾಕಮ್ಮಾ ಹಾಕಿದ್ರಿ?"

"ಉಳ ಬೀಳ್ದಂಗೆ."

"ಸಮುದ್ರದ ಚಿಪ್ಪಿಗೆ ಎಲ್ಲಾದ್ರೂ ಹುಳ ಬೀಳುತ್ತಾ?"

ಪಿಳ್ಳಮ್ಮ ಪೊರಕೆ ಕೆಳಗಿಟ್ಟರು. "ಬಿದ್ದಿತ್ತಲ್ಲಮ್ಮಿ. ಯೋಳಿದ್ರೆ ನೀನು ಬೇಜಾರು ಮಾಡ್ಕೊಂತೀಯ ಅಂತ ಸುಮ್ಕಿದ್ದೆ. ಅರ್ಧಕ್ಕರ್ಧ ತೂತು. ಒಂದೇ ಕಡೆಯಿಂದ ಇಷ್ಟಗಲ ಕೊರ್ದು ತಿಂದಾಕವೆ."

ನಾನು ಅಲ್ಲೇ ಇದ್ದ ಕೋಳಿ ಮೇವಿನ ಮೂಟೆಯ ಮೇಲೆ ಕೂತುಬಿಟ್ಟೆ. ಅಗಲಬಾಯಿಗಳನ್ನೆಲ್ಲ ಪಿಳ್ಳಮ್ಮ ಹುಳುಕೆಂದು ತೆಗೆದುಹಾಕಿದ್ದರು. ಚೆನ್ನಾಗಿರುವುದನ್ನು ಎತ್ತಿ ಎಂದವಳು ನಾನೇ. ಅರವತ್ತು ವರ್ಷ ಕಾಳು ಆರಿಸಿದವರಿಗೆ ತೂತಿರುವುದು ಯಾವ ಲೆಕ್ಕದಲ್ಲಿ ಚೆನ್ನಾಗಿರುವುದಾಗುತ್ತದೆ?

"ಅವನ್ನೆಲ್ಲ ಏನು ಮಾಡಿದ್ರಿ?"

ಅವರು ಗೂಡಿನ ಮೇಲಿಂದ ಒಂದು ಹಳೇ ಬಿಸ್ಕತ್ ಡಬ್ಬಿ ತಂದು ತೆರೆದರು. ಗೋಡೆ ಕ್ಯಾಲೆಂಡರಿನ ದಿನದ ಹಾಳೆಗಳಲ್ಲಿ ಕಟ್ಟಿದ, ಕುಂಕುಮದ ಪೊಟ್ಟಣದಂಥ ಹದಿನಾಲ್ಕು ಪೊಟ್ಟಣ. ತಾರೀಖು, ರಾಹುಕಾಲ, ಮೂಲೆಯಲ್ಲಿ ಪೆನ್ಸಿಲ್ಲಿನಲ್ಲಿ ಶೀಷೆಯ ನಂಬರು. ಬಸ್ಸಿನ ನಂಬರು ಓದಿ ಕಲಿತ ಅಂಕಿಗಳು, ಒಂದೊಂದೂ ದಪ್ಪ.

"ವಾಪಸ್ ಶೀಷೆಗೆ ಆಕಿದ್ರೆ ಮಿಕ್ಕಿದ್ದಕ್ಕೂ ಅತ್ಕೊಂತದೆ. ಅದ್ಕೇ ಬ್ಯಾರೆ ಕಟ್ಟಿಟ್ಟೆ. ಈಗ ಕೋಳಿಗೆ ಆಕ್ಲಾ, ನೀನೇ ಇಟ್ಕೊಂತೀಯಾ? ಮೊಟ್ಟೆ ಸಿಪ್ಪೆ ಗಟ್ಟಿ ಆಯ್ತದೆ."

ಆರು ಕೋಳಿಗಳೂ ಬಂದು ಎದುರಿಗೆ ನಿಂತಿದ್ದವು. ಮುಚ್ಚಿಟ್ಟು ಏನು ಪ್ರಯೋಜನ, ಹಾಕಿ ಎನ್ನುವ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಹಾಕಿದರೆ ಐದು ನಿಮಿಷದ ಕೆಲಸ. ಎರಡು ಸಾವಿರ ವರ್ಷದ ಉಪವಾಸ ಹಾಗೇ ಉಳಿಯುತ್ತದೆ, ನನ್ನ ಹೆಸರಿನ ಜೊತೆ. ಬೀಗದೊಳಗಿನ ಇನ್ನರ್ಧವನ್ನು ಯಾರೂ ತೆಗೆಯುವುದಿಲ್ಲ. ಕೋಳಿಗಳು ಯಾರಿಗೂ ಹೇಳುವುದಿಲ್ಲ.

"ಇಷ್ಟು ದಿನ ಯಾಕೆ ಹಾಕಲಿಲ್ಲ?" ಎಂದು ಕೇಳಿದೆ, ಹೊತ್ತು ಕಳೆಯಲು.

"ನಿನ್ನ ಮಾಲಲ್ವಾ? ನಾನ್ಯಾರು ಆಕಕ್ಕೆ?" ಎಂದರು ಪಿಳ್ಳಮ್ಮ. "ಮದ್ವೆಗೆ ಮುಂಚೆ ನಮ್ಮವ್ವನ ಜೊತೆ ಒಂದು ದೊಡ್ಡ ಮನೇಗೆ ಅವರೆಕಾಳು ಆರ್ಸಕ್ಕೆ ಓಯ್ತಿದ್ದೆ. ಅವರು ಒಳ್ಳೇ ಕಾಳೂ ಅಳೀತಿದ್ರು, ಉಳ ಬಿದ್ದಿದ್ದೂ ಅಳೀತಿದ್ರು. ಒಂದಿನ ಉಳ ಬಿದ್ದಿದ್ದು ಅರ್ಧ ಪಾವು ಕಮ್ಮಿ ಬಂತು. ಎಲ್ಲಾರ ಮುಂದೆ ನಮ್ಮವ್ವನ ಮಡ್ಲು ಕೊಡವಿಸಿದ್ರು. ಅವತ್ತಿಂದ ಬ್ಯಾರೆಯೋರ ಕಸನೂ ಒಪ್ಸೇ ಎದ್ದೇಳೋದು."

ಅವರು ಅದನ್ನು ದುಃಖದಿಂದೇನೂ ಹೇಳಲಿಲ್ಲ, ಮಾತಾಡುತ್ತ ಒಂದು ಕೋಳಿಯನ್ನು ಕಾಲಿನಿಂದ ಆಚೆ ತಳ್ಳಿದರು. ನನಗೆ ಮಾತ್ರ ನಾಚಿಕೆಯಾಯಿತು. ಬಾಗಿಲ ಪಕ್ಕದ ತುಳಸಿ ಕಣ್ಣ ಮುಂದೆ ಬಂತು. ಡಬ್ಬಿ ಎತ್ತಿಕೊಂಡು ಕೆಳಗಿಳಿದೆ.

ಎರಡು ದಿನ ಎಣಿಸಿದೆ. ಪೊಟ್ಟಣದಲ್ಲಿದ್ದವನ್ನು ರಟ್ಟಿನವುಗಳ ಜೊತೆ ಸೇರಿಸಿದರೆ, ಹದಿನಾಲ್ಕು ಶೀಷೆಯಲ್ಲೂ ಅಗಲಬಾಯಿ ಅರ್ಧಕ್ಕೆ ಹತ್ತಿರ. ನಾನು ಎಣಿಸಿದ್ದರಲ್ಲೆಲ್ಲ ಅತಿ ಹೆಚ್ಚು. ಜಗತ್ತು ಹೇಳಿದ್ದೇ ಸರಿ, ಆಗ ಸಮುದ್ರ ತುಂಬಿ ತುಳುಕಿತ್ತು. ಸರ್‌ಗೆ ಫೋನ್ ಮಾಡಿ ಹೇಳಿದೆ.

"ಉಪವಾಸ ಇರ್ಲಿಲ್ವೇನಮ್ಮ?"

"ಇಲ್ಲ ಸಾರ್. ಹಬ್ಬದೂಟ."

"ಗೋವಾದವರಿಗೆ ಏನು ಹೇಳ್ಲಿ?"

"ಬೇವಿನ ಸೊಪ್ಪು ಅಂತ ಹೇಳಿ ಸಾರ್."

ಮೆಟ್ಟಿಲಲ್ಲಿ ಸಿಕ್ಕ ಪಿಳ್ಳಮ್ಮನಿಗೂ ವಿಷಯ ತಿಳಿಸಿದೆ. ಅದು ತೂತಲ್ಲ, ಬಾಯಿ. ಆ ಬಾಯಿಯವು ಜಾಸ್ತಿ ಇದ್ದರೆ ಸಮುದ್ರಕ್ಕೆ ಒಳ್ಳೇ ಕಾಲ ಎಂದರ್ಥ. ಅವರಿಗೆ ಆಶ್ಚರ್ಯವೇನೂ ಆಗಲಿಲ್ಲ. "ಮತ್ತೆ? ಕಾಳು ತುಂಬಿರೋ ಮನೇಗಲ್ವಾ ಉಳ ಬರೋದು. ಕಾಳಿಲ್ದಿರೋ ವಾಡೇಲಿ ಅದಕ್ಕೇನು ಕೆಲ್ಸ?" ಎಂದು ಹೇಳಿ ಹಾಲು ತರಲು ಹೋದರು. ನಾನು ಇನ್ನೂರು ಪುಟ ಬರೆದು ಹೇಳಿದ್ದೂ ಹೆಚ್ಚುಕಡಿಮೆ ಅದನ್ನೇ.

ಸೆಮಿನಾರಿಗೆ ಹೊರಗಿನಿಂದ ಬಂದಿದ್ದ ಪರೀಕ್ಷಕಿ ಧನಲಕ್ಷ್ಮಿ ಮೇಡಂ. ನಕ್ಕರೆ ಖರ್ಚಾಗುತ್ತದೆ ಎನ್ನುವ ಮುಖ. ನಾನು ಬೇವಿನ ಎಲೆಯಿಂದ ಹಿಡಿದು ಬಿಸ್ಕತ್ ಡಬ್ಬಿಯವರೆಗೆ ಒಂದೂ ಬಿಡದೆ ಹೇಳಿದೆ. ಹಿಂದಿನ ಸಾಲಿನವರು ನಕ್ಕರು, ಸರ್ ಫ್ಯಾನು ನೋಡುತ್ತಿದ್ದರು. ಮೇಡಂ ಒಂದು ಪೊಟ್ಟಣ ಬಿಚ್ಚಿ ಮೈಕ್ರೋಸ್ಕೋಪಿನಲ್ಲಿ ನೋಡಿದರು. ಇನ್ನೊಂದು ಬಿಚ್ಚಿದರು. ನಾಲ್ಕು ನೋಡಿ, ಇದ್ದ ಮಡಿಕೆಯಲ್ಲೇ ಮಡಚಿಟ್ಟರು.

"ಈ ಹದಿನಾಲ್ಕರಲ್ಲಿ ಒಂದು ಚಿಪ್ಪೂ ಕಳೆದಿಲ್ಲ" ಎಂದರು. "ಉಳಿದ ನೂರ ನಲವತ್ತಾರರಲ್ಲಿ ಮಿಕ್ಕಿದ್ದೆಲ್ಲಿ?"

ಸುಳ್ಳು ಹೇಳಲು ಬಾಯಿ ತೆರೆದೆ. ಮಡಿಲು ಕೊಡವಿದ ಹೆಂಗಸಿನ ನೆನಪಾಗಿ ಬಾಯಿ ಮುಚ್ಚಿಕೊಂಡೆ.

"ತುಳಸಿ ಕುಂಡದಲ್ಲಿದೆ ಮೇಡಂ."

ಈಗ ಯಾರೂ ನಗಲಿಲ್ಲ. ಸಮಿತಿಯವರು ನನ್ನನ್ನು ಹೊರಗೆ ಕಳಿಸಿ ಅರ್ಧ ಗಂಟೆ ಮಾತಾಡಿದರು. ಕರೆದು ಹೇಳಿದ ತೀರ್ಪು ಇದು. ತಿಂಗಳ ಕೊನೆಗೆ ಹತ್ತು ದಿನವಿದೆ. ನನ್ನ ರಟ್ಟುಗಳಲ್ಲಿ ಹದಿನಾಲ್ಕನ್ನು ಬೇರೊಬ್ಬರು ನೋಡಿ, ಸರಿಯಾಗಿದೆ ಎಂದು ಸಹಿ ಹಾಕಿದರೆ ಪ್ರಬಂಧ ಸಲ್ಲಿಸಬಹುದು. ಬೇಕಾದರೆ ಆ ಹದಿನಾಲ್ಕು ತುಂಡಿನ ಇನ್ನರ್ಧವನ್ನು ಫ್ರಿಜ್ಜಿನಿಂದ ತೆಗೆಯಲು ಅಪ್ಪಣೆಯಿದೆ.

"ಯಾರ ಹತ್ರ ಸೈನ್ ಹಾಕಿಸ್ಲಿ ಮೇಡಂ?"

"ಆ ಕ್ಯಾಲೆಂಡರ್ ಹಾಳೆಯವರ ಹತ್ರ" ಎಂದರು ಧನಲಕ್ಷ್ಮಿ ಮೇಡಂ.

ಬಸ್ಸಿನಲ್ಲಿ ನನಗೆ ಒಳಗೊಳಗೇ ಖುಷಿ. ಪಿಳ್ಳಮ್ಮ ನಮ್ಮವರು, ಸಂಜೆಯೊಳಗೆ ಸಹಿ ಸಿಕ್ಕಿಬಿಡುತ್ತದೆ. ಮನೆಗೆ ಬಂದವಳೇ ಅವರ ನಡುಮನೆಯಲ್ಲಿ ಮೈಕ್ರೋಸ್ಕೋಪಿಟ್ಟು, ಈ ಸಲ ನಿಯಮಗಳನ್ನೆಲ್ಲ ಪೂರ್ತಿ ಓದಿ ಹೇಳಿದೆ. ಬಾಯಿ ತೂತಲ್ಲ. ಮುರಿದದ್ದಾದರೂ ಅರ್ಧಕ್ಕಿಂತ ಹೆಚ್ಚಿದ್ದರೆ ಅದೂ ಲೆಕ್ಕಕ್ಕೆ. ಮಿಕ್ಕಿದ್ದನ್ನು ಬಿಸಾಡಬಾರದು. ಅನುಮಾನವಿದ್ದರೆ ಫ್ರಿಜ್ಜಿನಲ್ಲಿರುವ ಇನ್ನರ್ಧವನ್ನು ತರಿಸಬಹುದು. ಸಹಿಯ ಕಾಗದವನ್ನು, ಪೆನ್ನಿನ ಸಮೇತ, ಪಕ್ಕದಲ್ಲಿಟ್ಟೆ.

ಪಿಳ್ಳಮ್ಮ ನನ್ನ ಮೊದಲ ರಟ್ಟನ್ನು ನೋಡಿದರು. ಎರಡನೆಯದು, ಮೂರನೆಯದು. ನಾನು ಕಾಫಿ ಮಾಡಿ ತಂದಿಟ್ಟೆ, ಮುಟ್ಟಲಿಲ್ಲ. ಹದಿನಾಲ್ಕನ್ನೂ ನೋಡಿ ತಲೆ ಎತ್ತಿದರು.

"ಶ್ಯಾಮ್ಲಾ, ನಂದ್ರಲ್ಲಿ ಬಾಯಿರೋವು ಇರ್ಲಿಲ್ಲ, ಸರಿ. ನಿಂದ್ರಲ್ಲಿ ಮುರ್ದಿರೋವು ಒಂದೂ ಇಲ್ವಲ್ಲ. ಕೋಳಿಗೆ ಆಕ್ದಾ?"

ಮುರಿದದ್ದು ರಟ್ಟಿನ ಮೇಲೆ ಕೂರುವುದಿಲ್ಲ, ಕೂರಿಸಿದರೂ ಜಾತಿ ಗುರುತಿಸಲು ಒದ್ದಾಟ. ಆರು ವರ್ಷ ನಾನು ಅವನ್ನು ಎತ್ತಿಯೇ ಇರಲಿಲ್ಲ. ನಿಯಮ ಬಾಯಿಪಾಠವಿದ್ದರೂ ಅದನ್ನು ಮುರಿಯುತ್ತಿದ್ದೇನೆ ಎಂದು ಆ ಹೊತ್ತಿನವರೆಗೆ ನನಗೆ ಅನ್ನಿಸಿಯೂ ಇರಲಿಲ್ಲ.

"ಇಲ್ಲಮ್ಮಾ" ಎಂದೆ. "ತುಳಸಿಗೆ."

ಪಿಳ್ಳಮ್ಮ ಸಹಿಯ ಕಾಗದವನ್ನು ಕೈಗೆತ್ತಿಕೊಂಡರು. ಮೂರು ಮಡಿಕೆ ಮಡಚಿ, ಬಿಸ್ಕತ್ ಡಬ್ಬಿಯೊಳಗಿಟ್ಟು ಮುಚ್ಚಳ ಒತ್ತಿದರು. ಆಮೇಲೆ ಎದ್ದು ಹೋಗಿ ಗೋಡೆಯ ಕ್ಯಾಲೆಂಡರಿನಿಂದ ಆ ದಿನದ ಹಾಳೆ ಹರಿದುಕೊಂಡು ಬಂದರು.

"ನಾಳೆ ಎದ್ದೇಟ್ಗೆ ಓಗಿ ಆ ಇನ್ನರ್ಧ ತಗೊಂಬಾ. ದಿನಕ್ಕೆರಡು ಮಾಡಿದ್ರೆ ಏಳು ದಿನ. ಸೈ ಆಮ್ಯಾಕೆ."